ಗೃಹಾರೋಗ್ಯ: ಎದೆಯುರಿಯೂ ಮೈಯ ಒಳಜಗಳವೂ

ಎದೆಯುರಿಯನ್ನು ನಮ್ಮ ಸೀಮೆಯಲ್ಲಿ ಯಾರೂ ರೋಗವೆಂದು ಎಣಿಸುವ ವಾಡಿಕೆಯಿಲ್ಲ. ಮದುವೆಯ ಮನೆಯಲ್ಲಿ ಒಂದು ಹೋಳಿಗೆ ಹೆಚ್ಚಾಯಿತು, ಹುಳಿಗೆ ಖಾರ ಮುಂದಾಯಿತು, ಆದುದರಿಂದ ಉರಿಯಿತು ಎಂದು ಸಮಾಧಾನ ಹೇಳಿಕೊಂಡು, ಜೀರಿಗೆಯ ಕಷಾಯವನ್ನೋ ಒಂದು ಲೋಟ ನೀರುಮಜ್ಜಿಗೆಯನ್ನೋ ಕುಡಿದು ಮಲಗುವುದು ಎಲ್ಲ ಮನೆಗಳ ಪದ್ಧತಿ. ಬಹುಮಂದಿಯ ವಿಷಯದಲ್ಲಿ ಇಷ್ಟೇ ಸಾಕಾಗುವುದೂ ಉಂಟು. ಈ ತೊಂದರೆ ನಮ್ಮ ಹಿರಿಯರಿಗೂ ಹೊಸದಾಗಿರಲಿಲ್ಲ. ಆಯುರ್ವೇದದ ಮಾಧವನಿದಾನದಲ್ಲಿ ಆಮ್ಲಪಿತ್ತಕ್ಕೆಂದೇ ಪ್ರತ್ಯೇಕವಾದ ಅಧ್ಯಾಯವಿದೆ.

ಆದರೆ ಕೆಲವರ ಎದೆಯುರಿಯು ಈ ಜಾತಿಯದಲ್ಲ. ಕೀಲುಗಳ ಬಾವಿಗೋ, ಚರ್ಮದ ಬಿಗಿತಕ್ಕೋ, ಬಾಯಿ ಕಣ್ಣುಗಳ ಒಣಗುವಿಕೆಗೋ ವರ್ಷಗಟ್ಟಲೆ ಔಷಧವನ್ನು ಸೇವಿಸುತ್ತಿರುವವರಲ್ಲಿ ಎದೆಯುರಿ ನೆಲೆಗೊಂಡಿತೆಂದರೆ, ಅದರ ಮೂಲವು ನಿನ್ನೆಯ ಊಟದಲ್ಲಿ ಮಾತ್ರವೇ ಇರುವುದಿಲ್ಲ. ಅಂಥವರಿಗೆ ಜೀರಿಗೆಯ ಕಷಾಯವೂ ಸಾಲದು, ಬರಿಯ ಗುಳಿಗೆಯೂ ಸಾಲದು. ಮನೆಯ ನಡೆವಳಿಕೆಯೇ ಸ್ವಲ್ಪ ಬದಲಾಗಬೇಕಾಗುವುದು. ತುಮಕೂರು, ಗುಬ್ಬಿ, ಕುಣಿಗಲು ಕಡೆಯ ಮನೆಗಳ ಊಟ ಉಪಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳು ಆ ವಿಷಯವನ್ನೇ ವಿಚಾರಮಾಡುವೆವು. ಇಲ್ಲಿ ಹೇಳುವುದೆಲ್ಲವೂ ವೈದ್ಯರ ಸಲಹೆಗೆ ಸಹಾಯಕವಾಗತಕ್ಕದ್ದೇ ಹೊರತು ಅದಕ್ಕೆ ಪ್ರತಿಯಾಗಿ ನಿಲ್ಲತಕ್ಕದ್ದಲ್ಲ.

ಮೂವರು ಕಾವಲುಗಾರರು

ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳವು ದೊಡ್ಡವರಲ್ಲಿ ಸುಮಾರು ೨೫ ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಉದ್ದವಿರುವುದು. ಜಠರದಲ್ಲಿ ಅನ್ನವನ್ನು ಪಚನಮಾಡುವುದಕ್ಕಾಗಿ ತೀಕ್ಷ್ಣವಾದ ಆಮ್ಲವು ಉತ್ಪತ್ತಿಯಾಗುವುದಷ್ಟೆ. ಆ ಆಮ್ಲದಿಂದ ತನ್ನನ್ನು ತಾನು ಕಾಪಾಡಿಕೊಳ್ಳಲು ಜಠರದ ಒಳಗೋಡೆಗೆ ದಪ್ಪನಾದ ಲೋಳೆಯ ಲೇಪವಿದೆ. ಅನ್ನನಾಳಕ್ಕೆ ಅಂಥ ಲೇಪವಿಲ್ಲ. ಆದುದರಿಂದ ಆಮ್ಲವು ಮೇಲಕ್ಕೆ ಏರದಂತೆಯೂ, ಏರಿದರೂ ಅಲ್ಲಿ ನಿಲ್ಲದಂತೆಯೂ ನೋಡಿಕೊಳ್ಳಲು ಪ್ರಕೃತಿಯು ಮೂವರು ಕಾವಲುಗಾರರನ್ನು ಇಟ್ಟಿದೆ ಎನ್ನಬಹುದು.

ಮೊದಲನೆಯವನು ಬಾಗಿಲು ಕಾಯುವವನು. ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಉಂಗುರದಂತಿರುವ ಮಾಂಸಖಂಡವೇ ಇವನು. ತುತ್ತು ಬಂದಾಗ ಸಡಿಲಿ, ಅದು ಇಳಿದೊಡನೆ ಮತ್ತೆ ಮುಚ್ಚಿಕೊಳ್ಳುವನು. ಎರಡನೆಯವನು ಅಲೆ. ನಾವು ನುಂಗಿದ ತುತ್ತು ತನ್ನ ಭಾರದಿಂದ ಮಾತ್ರ ಇಳಿಯುವುದಿಲ್ಲ. ಅನ್ನನಾಳದ ಗೋಡೆಯು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಹಿಂಡುತ್ತ ಅದನ್ನು ಸಾಗಿಸುವುದು. ತಪ್ಪಿ ಮೇಲೆ ಬಂದ ಆಮ್ಲವನ್ನೂ ಇದೇ ಅಲೆಯು ಗುಡಿಸಿ ಕೆಳಕ್ಕೆ ತಳ್ಳುವುದು. ಮೂರನೆಯವನು ಬಾಯಿಯ ಜೊಲ್ಲು. ಜೊಲ್ಲಿನಲ್ಲಿ ಕ್ಷಾರಾಂಶವಿರುವುದರಿಂದ, ಅಲೆಯು ಗುಡಿಸಿದ ಮೇಲೆಯೂ ಅಂಟಿಕೊಂಡಿರುವ ಆಮ್ಲಶೇಷವನ್ನು ಅದು ಶಮನಗೊಳಿಸುವುದು. ನಿದ್ರೆಯಲ್ಲಿ ನುಂಗುವುದೂ ಜೊಲ್ಲೂ ಎರಡೂ ಕಡಿಮೆಯಾಗುವುದರಿಂದ ರಾತ್ರಿಯ ಆಮ್ಲವು ಹಗಲಿನದಕ್ಕಿಂತ ಹೆಚ್ಚು ಕೇಡುಮಾಡುವುದೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡತಕ್ಕದ್ದು.

ಮೈಗೆ ಮೈಯೇ ಹಗೆ

ನಮ್ಮ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ಸೈನ್ಯವಿದೆ. ಕೆಲವರಲ್ಲಿ ಈ ಸೈನ್ಯವು ಸ್ವಪಕ್ಷ ಪರಪಕ್ಷಗಳ ಗುರುತು ತಪ್ಪಿ, ತನ್ನ ಶರೀರದ ಅಂಗಗಳನ್ನೇ ಶತ್ರುಗಳೆಂದು ಬಗೆದು ಹೊಡೆಯತೊಡಗುವುದು. ಇಂಥ ರೋಗಗಳಿಗೆ ವೈದ್ಯರು ಆಟೋಇಮ್ಯೂನ್ ರೋಗಗಳೆಂದೂ, ಕನ್ನಡದಲ್ಲಿ ಸ್ವಯಂಪ್ರತಿರಕ್ಷಾ ರೋಗಗಳೆಂದೂ ಹೇಳುವರು. ಕೀಲುಗಳನ್ನು ಹಿಡಿಯುವ ರುಮಟಾಯ್ಡ್ ಸಂಧಿವಾತ, ಚರ್ಮ ಮೂತ್ರಪಿಂಡ ಮೊದಲಾದ ಹಲವು ಅಂಗಗಳನ್ನು ಹಿಡಿಯುವ ಲೂಪಸ್, ಚರ್ಮವನ್ನು ಬಿಗಿಗೊಳಿಸುವ ಸ್ಕ್ಲೀರೋಡರ್ಮ, ಜೊಲ್ಲು ಕಣ್ಣೀರುಗಳನ್ನು ಒಣಗಿಸುವ ಶೋಗ್ರೆನ್ ರೋಗ, ಇವು ಈ ಕುಲದವು. ಶೋಗ್ರೆನ್ ಎಂಬುದು ೧೯೩೩ರಲ್ಲಿ ಈ ರೋಗವನ್ನು ವಿಸ್ತಾರವಾಗಿ ವರ್ಣಿಸಿದ ಸ್ವೀಡನ್ ದೇಶದ ನೇತ್ರವೈದ್ಯನ ಹೆಸರು. ಈ ರೋಗಗಳೆಲ್ಲವೂ ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಹಿಡಿಯುವುವು. ಲೂಪಸ್ ರೋಗಿಗಳಲ್ಲಿ ೧೦ ಮಂದಿಗೆ ಸುಮಾರು ೯ ಮಂದಿ ಸ್ತ್ರೀಯರು. ಮನೆಯ ಊಟದ ವ್ಯವಸ್ಥೆಗೂ ಈ ಮಾತಿಗೂ ಇರುವ ಸಂಬಂಧವನ್ನು ಕಡೆಯಲ್ಲಿ ಹೇಳುವೆವು.

ಇನ್ನು ಕಾವಲುಗಾರರ ಮಾತು. ಸ್ಕ್ಲೀರೋಡರ್ಮವು ಅನ್ನನಾಳದ ಕೆಳಗಿನ ಮೂರನೆಯ ಎರಡು ಭಾಗದಲ್ಲಿರುವ, ನಮ್ಮ ಇಚ್ಛೆಗೆ ಒಳಪಡದ ಸ್ನಾಯುಗಳನ್ನು ಕ್ರಮವಾಗಿ ನಿಸ್ಸತ್ತ್ವಗೊಳಿಸುವುದು. ಆದುದರಿಂದ ಬಾಗಿಲೂ ಸಡಿಲುವುದು, ಅಲೆಯೂ ಅಡಗುವುದು. ಒಂದೇ ಏಟಿಗೆ ಇಬ್ಬರು ಕಾವಲುಗಾರರು ಇಲ್ಲದಂತಾಗುವರು. ಈ ರೋಗ ಹಬ್ಬಿದವರಲ್ಲಿ ೧೦೦ಕ್ಕೆ ಸುಮಾರು ೯೦ ಮಂದಿಗೆ ಜೀರ್ಣನಾಳದ ಯಾವುದಾದರೊಂದು ಭಾಗದಲ್ಲಿ ತೊಂದರೆಯುಂಟಾಗುವುದೆಂದೂ, ಅದರಲ್ಲಿ ಅನ್ನನಾಳವೇ ಮೊದಲನೆಯದೆಂದೂ ವೈದ್ಯರು ಹೇಳುವರು. ಶೋಗ್ರೆನ್ ರೋಗವು ಮೂರನೆಯ ಕಾವಲುಗಾರನಾದ ಜೊಲ್ಲನ್ನು ಅಪಹರಿಸುವುದು. ಸಂಧಿವಾತ, ಲೂಪಸ್‌ಗಳಲ್ಲಿಯಾದರೋ ರೋಗಕ್ಕಿಂತ ಹೆಚ್ಚಾಗಿ ಅದಕ್ಕೆ ಕೊಡುವ ಔಷಧಗಳೇ ಅನೇಕ ವೇಳೆ ಜಠರವನ್ನೂ ಅನ್ನನಾಳವನ್ನೂ ಕೆರಳಿಸುವುವು. ಒಬ್ಬರಲ್ಲಿಯೇ ಇಂಥ ಎರಡು ರೋಗಗಳು ಕೂಡಿಕೊಂಡಿರುವುದೂ ಅಪರೂಪವಲ್ಲ.

ಬೆರಳುಗಳ ಸಾಕ್ಷಿ

ಮಾರ್ಗಶಿರ ಪುಷ್ಯಮಾಸಗಳ ಬೆಳಗಿನಲ್ಲಿ ತಣ್ಣೀರಿಗೆ ಕೈಯಿಟ್ಟೊಡನೆ ಕೆಲವರ ಬೆರಳುಗಳು ಸುಣ್ಣದಂತೆ ಬಿಳಿಚಿಕೊಂಡು, ಅನಂತರ ನೀಲಿಗಟ್ಟಿ, ಬೆಚ್ಚಗಾದ ಮೇಲೆ ಕೆಂಪೇರಿ ಚಿಮಿಚಿಮಿಗುಟ್ಟುವುವು. ಫ್ರಾನ್ಸ್ ದೇಶದ ವೈದ್ಯ ರೇನೋ ಎಂಬವನು ೧೮೬೨ರಲ್ಲಿ ಇದನ್ನು ವರ್ಣಿಸಿದುದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಬಹಳ ಮಂದಿಯಲ್ಲಿ ಇದು ಬರಿಯ ಪ್ರಕೃತಿಭೇದ, ಭಯಪಡಬೇಕಾದುದಿಲ್ಲ. ಆದರೆ ಸ್ಕ್ಲೀರೋಡರ್ಮವು ಬರುವ ಮುಂಚೆ ಎಷ್ಟೋ ತಿಂಗಳು, ಕೆಲವೊಮ್ಮೆ ಎಷ್ಟೋ ವರ್ಷ, ಮುಂದೂತನಂತೆ ಕಾಣಿಸಿಕೊಳ್ಳುವುದೂ ಇದೇ.

ನಮ್ಮ ಮನೆಗಳಲ್ಲಿ ನಡೆಯುವ ಪ್ರಮಾದವೆಂದರೆ, ಬೆರಳಿನ ವಿಷಯವನ್ನು ಒಬ್ಬ ವೈದ್ಯರಿಗೂ, ಎದೆಯುರಿಯನ್ನು ಇನ್ನೊಬ್ಬರಿಗೂ ಹೇಳಿ, ಎರಡನ್ನೂ ಕೂಡಿಸಿ ಯಾರಿಗೂ ಹೇಳದಿರುವುದು. ಬೆರಳುಗಳು ಬಿಳಿಚುವುದು, ಬೆಳಿಗ್ಗೆ ಕೈಬೆರಳು ಊದಿ ಬಳೆಯುಂಗುರಗಳು ಬಿಗಿಯಾಗುವುದು, ಚರ್ಮ ಹೊಳಪೇರಿ ಮಡಿಸಲು ಬಾರದಂತಾಗುವುದು, ಬಾಯಿ ಚೆನ್ನಾಗಿ ತೆರೆಯದಿರುವುದು, ಇವುಗಳಲ್ಲಿ ಯಾವುದಾದರೂ ಎದೆಯುರಿಯ ಜೊತೆಗೆ ಕಂಡುಬಂದರೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಒಬ್ಬರೇ ವೈದ್ಯರ ಮುಂದೆ ಇಡಬೇಕು. ರಕ್ತದಲ್ಲಿ ಎ.ಎನ್.ಎ. ಎಂಬ ಪರೀಕ್ಷೆಯನ್ನು ಮಾಡಿಸಬೇಕೆ ಬೇಡವೆ ಎಂಬುದನ್ನು ಅವರು ಆಗ ನಿರ್ಣಯಿಸುವರು. ಆ ಪರೀಕ್ಷೆಯೊಂದರಿಂದಲೇ ರೋಗವು ನಿಶ್ಚಿತವಾಗದು. ಆರೋಗ್ಯವಂತರಲ್ಲಿಯೂ ಕೆಲವರಿಗೆ ಅದು ಇದೆಯೆಂದು ಬರುವುದುಂಟು.

ಪ್ರಸಿದ್ಧ ಚಿತ್ರಕಾರನಾದ ಪೌಲ್ ಕ್ಲೇ ೧೯೩೫ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಾಯಿಲೆ ಬಿದ್ದನು. ಅವನ ಮರಣವಾಗಿ ಎಷ್ಟೋ ವರ್ಷಗಳಾದ ಮೇಲೆ, ಅವನ ಲಕ್ಷಣಗಳನ್ನು ಶೋಧಿಸಿದ ವೈದ್ಯರು ಅದು ಸ್ಕ್ಲೀರೋಡರ್ಮವಾಗಿದ್ದಿರಬೇಕೆಂದು ಅಭಿಪ್ರಾಯಪಟ್ಟಿರುವರು. ಗಟ್ಟಿಯಾದ ಆಹಾರವನ್ನು ನುಂಗಲಾರದೆ ಅವನು ಮೆತ್ತನೆಯ ಮತ್ತು ದ್ರವರೂಪದ ಆಹಾರದಿಂದಲೇ ಕಾಲಹಾಕಬೇಕಾಯಿತು. ಹೀಗಿದ್ದೂ ೧೯೩೯ರೊಂದರಲ್ಲಿಯೇ ೧,೨೦೦ಕ್ಕೂ ಮಿಕ್ಕ ಚಿತ್ರಗಳನ್ನು ಬರೆದು, ೧೯೪೦ರ ಜೂನ್ ೨೯ರಂದು ತೀರಿಕೊಂಡನು. ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಗುಳಿಗೆಗಳು ಆ ಕಾಲಕ್ಕೆ ಹುಟ್ಟಿರಲಿಲ್ಲ. ಇಂದಿನ ರೋಗಿಗೆ ಅವು ಪೇಟೆಯ ಔಷಧದ ಅಂಗಡಿಯಲ್ಲಿಯೇ ದೊರೆಯುವುವು. ಆದುದರಿಂದ ಈಗ ನುಂಗಲಾರದೆ ಕೃಶವಾಗುವುದು ಅನೇಕರ ವಿಷಯದಲ್ಲಿ ತಪ್ಪಿಸಬಹುದಾದ ವಿಪತ್ತು.

ಅಲಕ್ಷ್ಯ ಮಾಡಿದರೆ ಏನಾಗುವುದು? ಆಮ್ಲವು ಬಹುಕಾಲ ಸುಡುತ್ತಿದ್ದರೆ ಅನ್ನನಾಳದಲ್ಲಿ ಹುಣ್ಣಾಗಿ, ಹುಣ್ಣು ಮಾಯುವಾಗ ಕಲೆಗಟ್ಟಿ ದಾರಿಯು ಕಿರಿದಾಗುವುದು. ಕೆಲವರಲ್ಲಿ ಒಳಪೊರೆಯ ಸ್ವರೂಪವೇ ಮಾರ್ಪಟ್ಟು, ಅಪರೂಪವಾಗಿ ಅರ್ಬುದಕ್ಕೆ ಎಡೆಯಾಗುವುದು. ರಾತ್ರಿ ಮೇಲೇರಿದ ದ್ರವವು ಶ್ವಾಸನಾಳಕ್ಕೆ ಇಳಿದು ಕೆಮ್ಮನ್ನೂ ಪುಪ್ಪುಸದ ರೋಗವನ್ನೂ ತರಬಹುದು. ಸ್ಕ್ಲೀರೋಡರ್ಮದಲ್ಲಿ ಪುಪ್ಪುಸಗಳು ಮೊದಲೇ ದುರ್ಬಲವಾಗಿರುವ ಸಂಭವವಿರುವುದರಿಂದ ಇದು ಇಮ್ಮಡಿ ಹಾನಿ. ಉರಿ ಇಲ್ಲದಿದ್ದ ಮಾತ್ರಕ್ಕೆ ಹಾನಿಯಿಲ್ಲವೆಂದು ತಿಳಿಯಕೂಡದು. ರಾತ್ರಿಯ ಒಣಕೆಮ್ಮು, ಬೆಳಗಿನ ಗೊಗ್ಗರು ದನಿ, ಬಾಯಿಗೆ ಹುಳಿನೀರು ಬರುವುದು, ಇವೂ ಅದೇ ಕಥೆಯನ್ನು ಹೇಳುವುವು.

ತಟ್ಟೆಯ ವಿಚಾರ

ನಮ್ಮ ಜಿಲ್ಲೆಯ ಊಟಕ್ಕೆ ರಾಗಿಮುದ್ದೆಯೇ ಅರಸು. ರಾಗಿಯು ಪುಷ್ಟಿಕರವಾದ ಧಾನ್ಯ; ಅದರಲ್ಲಿ ಸುಣ್ಣದ ಅಂಶವು ಹೇರಳವಾಗಿದೆ. ತಕರಾರು ರಾಗಿಯ ಮೇಲಲ್ಲ, ಮುದ್ದೆಯನ್ನು ಉಣ್ಣುವ ಕ್ರಮದ ಮೇಲೆ. ಮುದ್ದೆಯನ್ನು ಅಗಿಯುವುದು ವಾಡಿಕೆಯಲ್ಲ. ಸಾರಿನಲ್ಲಿ ಅದ್ದಿ ನುಂಗುವುದು. ಅಲೆಯಿರುವ ಅನ್ನನಾಳಕ್ಕೆ ಇದು ಲೀಲೆ. ಅಲೆಯಡಗಿದ ಅನ್ನನಾಳದಲ್ಲಿಯಾದರೋ ಅಂಟುಂಟಾದ ತುತ್ತು ಎದೆಯ ನಡುವೆ ನಿಂತುಬಿಡುವುದು. ನುಂಗಿದುದು ಸಿಕ್ಕಿಕೊಂಡಂತಾಗುವುದೆಂದು ರೋಗಿಯು ಹೇಳಿದರೆ, ಅದೇ ರಾಗಿಯನ್ನು ಅಂಬಲಿಯಾಗಿಯೋ ತೆಳ್ಳಗಿನ ಗಂಜಿಯಾಗಿಯೋ ಮಾಡಿಕೊಡತಕ್ಕದ್ದು. ಬಲವೂ ಉಳಿಯುವುದು, ರೂಢಿಯ ರುಚಿಯೂ ಉಳಿಯುವುದು. ಮೆತ್ತಗೆ ಬೆಂದ ಅನ್ನ, ಬೇಳೆಯ ಕಟ್ಟು, ಚೆನ್ನಾಗಿ ಬೆಂದು ಮಸೆದ ತರಕಾರಿ, ಸಾರಿನಲ್ಲಿ ನೆನೆಸಿದ ಇಡ್ಲಿ, ಇವು ಸುಲಭವಾಗಿ ಇಳಿಯುವುವು. ಕ್ಯಾತಸಂದ್ರದ ತಟ್ಟೆಯಿಡ್ಲಿಯಾದರೂ ಸರಿಯೆ. ಆದರೆ ಕೆಂಪು ಚಟ್ನಿಯನ್ನು ಬಿಟ್ಟು, ಸಣ್ಣ ಸಣ್ಣ ತುತ್ತುಮಾಡಿ, ನಡುನಡುವೆ ಗುಟುಕು ನೀರು ಕುಡಿಯುತ್ತ ತಿನ್ನಬೇಕು.

ಎರಡು ಹೊತ್ತು ಹೊಟ್ಟೆತುಂಬ ಉಣ್ಣುವುದಕ್ಕಿಂತ ಐದಾರು ಸಲ ಸ್ವಲ್ಪಸ್ವಲ್ಪವಾಗಿ ಉಣ್ಣುವುದು ಇಂಥವರಿಗೆ ಹಿತ. ತುಂಬಿದ ಜಠರವು ಸಡಿಲಾದ ಬಾಗಿಲನ್ನು ಒತ್ತುವುದಲ್ಲವೆ? ಕರಿದ ಪದಾರ್ಥ, ಹೆಚ್ಚು ಜಿಡ್ಡು, ತೆಂಗಿನಕಾಯಿಯನ್ನು ಧಾರಾಳವಾಗಿ ರುಬ್ಬಿಹಾಕಿದ ಗಸಿ, ಇವು ಜಠರದಿಂದ ಬೇಗನೆ ಮುಂದಕ್ಕೆ ಸಾಗುವುದಿಲ್ಲ. ಮೆಣಸಿನಕಾಯಿ, ಹುಣಿಸೆಹಣ್ಣಿನ ಹುಳಿ, ಟೊಮೇಟೋ, ಕಾಫಿ, ಇವುಗಳಲ್ಲಿ ಒಬ್ಬರಿಗೆ ಒಂದು ಆಗದಿದ್ದರೆ ಇನ್ನೊಬ್ಬರಿಗೆ ಇನ್ನೊಂದು ಆಗದು. ಆದುದರಿಂದ ಎಲ್ಲವನ್ನೂ ಒಮ್ಮೆಗೇ ವರ್ಜಿಸಿ ರೋಗಿಯನ್ನು ಉಪವಾಸ ಕೆಡಹುವುದು ವಿವೇಕವಲ್ಲ. ಎರಡು ವಾರಗಳ ಕಾಲ ತಿಂದುದನ್ನೂ, ತಿಂದ ಹೊತ್ತನ್ನೂ, ಉರಿ ಬಂದ ಹೊತ್ತನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅಪರಾಧಿಯು ತಾನಾಗಿಯೇ ಸಿಕ್ಕಿಬೀಳುವನು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಣ್ಣಿನ ಕಾಲದಲ್ಲಿ ಮಧ್ಯಾಹ್ನ ಎರಡು ತೊಳೆ ಅಗಿದು ತಿಂದರೆ ಬಾಧಕವಿಲ್ಲದಿರಬಹುದು. ಆದರೆ ನುಂಗಲು ಕಷ್ಟವಿರುವವರಿಗೆ ನಾರಿನ ತೊಳೆ ಸಲ್ಲದು, ರಾತ್ರಿಯಂತೂ ಯಾರಿಗೂ ಬೇಡ.

ಮೈ ದಪ್ಪನಾದವರು ತೂಕವನ್ನು ತಗ್ಗಿಸಿಕೊಂಡರೆ ಎದೆಯುರಿಯು ಗಣನೀಯವಾಗಿ ಇಳಿಯುವುದು. ಆದರೆ ಈ ಉಪದೇಶವನ್ನು ಸ್ಕ್ಲೀರೋಡರ್ಮದಿಂದ ಮೊದಲೇ ಸೊರಗಿದವರಿಗೆ ಹೇಳಕೂಡದು. ಅವರ ತೂಕವನ್ನು ಪ್ರತಿ ತಿಂಗಳೂ ನೋಡಿ, ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಏಕಾದಶಿ, ಶಿವರಾತ್ರಿಗಳ ನಿರಾಹಾರವೂ, ಮರುದಿನದ ಪಾರಣೆಯ ಭಾರಿ ಊಟವೂ ಇಂಥವರಿಗೆ ತಕ್ಕುದಲ್ಲ. ಊಟದೊಡನೆ ತೆಗೆದುಕೊಳ್ಳಬೇಕಾದ ಗುಳಿಗೆಗಳೂ ಆ ದಿನ ತಪ್ಪಿಹೋಗುವುವು. ರೋಗಿಯ ಪಾಲಿಗೆ ಹಿತವಾದ ಮಿತಾಹಾರವೇ ವ್ರತವೆಂದು ಮನೆಯ ಹಿರಿಯರು ಬಾಯ್ಬಿಟ್ಟು ಹೇಳಿದರೆ ಅವರ ಮನಸ್ಸಿಗೂ ನೆಮ್ಮದಿ.

ಎಲೆಯಡಿಕೆಯ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿಬಿಡುವುದೇ ಒಳ್ಳೆಯದು. ಗುಬ್ಬಿ, ಕುಣಿಗಲು ಕಡೆಯ ತೋಟಗಳಲ್ಲಿ ಅಡಿಕೆಯು ಸಂಸಾರವನ್ನು ಸಾಕುವ ಬೆಳೆ. ಆದರೆ ಬೆಳೆದವನಿಗೆ ಅನ್ನ ಕೊಡುವ ಆ ಅಡಿಕೆಯು ನಿತ್ಯ ಅಗಿಯುವವನ ಬಾಯಿಯ ಒಳಪೊರೆಯನ್ನು ಗಟ್ಟಿಗೊಳಿಸಿ, ಬಾಯಿ ತೆರೆಯದಂತೆ ಮಾಡಬಲ್ಲುದು. ಅದು ಅರ್ಬುದಕ್ಕೂ ಕಾರಣ. ಜೊತೆಗೆ ಸೇರುವ ಹೊಗೆಸೊಪ್ಪು ಅನ್ನನಾಳದ ಬಾಗಿಲನ್ನು ಸಡಿಲಿಸುವುದು. ಸ್ಕ್ಲೀರೋಡರ್ಮವು ತಾನೇ ಬಾಯನ್ನು ಕಿರಿದುಮಾಡುವ ರೋಗ. ಅಂಥವರಿಗೆ ಊಟವಾದ ಮೇಲೆ ಪ್ರೀತಿಯಿಂದ ಎಲೆಯಡಿಕೆಯ ತಟ್ಟೆಯನ್ನು ಮುಂದೊಡ್ಡುವುದು ಉಪಚಾರವಲ್ಲ. ಬೀಡಿ ಸಿಗರೇಟುಗಳು ಬೆರಳಿನ ರಕ್ತನಾಳಗಳನ್ನೂ ಕುಗ್ಗಿಸುವುದರಿಂದ ಅವು ಸರ್ವಥಾ ವರ್ಜ್ಯ.

ಹಾಸಿಗೆಯ ವಿಚಾರ

ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಕಡಮೆಯೆಂದರೆ ಮೂರು ಗಂಟೆಗಳ ಅಂತರವಿರಬೇಕು. ಕುಳಿತಾಗ ನಿಂತಾಗ ಭೂಮಿಯ ಆಕರ್ಷಣೆಯೇ ಆಮ್ಲವನ್ನು ಕೆಳಗಿಡುವುದು. ಅಲೆಯನ್ನು ಕಳೆದುಕೊಂಡವರಿಗಂತೂ ಉಳಿದಿರುವ ದೊಡ್ಡ ಸಹಾಯ ಅದೊಂದೇ. ಮಲಗುವ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ೧೫ರಿಂದ ೨೦ ಸೆಂಟಿಮೀಟರು ಎತ್ತರದ ಮರದ ದಿಮ್ಮಿಗಳನ್ನೋ ಇಟ್ಟಿಗೆಗಳನ್ನೋ ಜಾರದಂತೆ ಭದ್ರವಾಗಿ ಇಡುವುದು ಕಾಸಿಲ್ಲದ ಚಿಕಿತ್ಸೆ. ತಲೆದಿಂಬುಗಳನ್ನು ಒಂದರಮೇಲೊಂದು ಪೇರಿಸಿದರೆ ಈ ಫಲವು ದೊರೆಯದು. ಕತ್ತು ಮಾತ್ರ ಮೇಲೆದ್ದು ಹೊಟ್ಟೆ ಮಡಿಸಿಹೋಗಿ ಆಮ್ಲಕ್ಕೆ ಇನ್ನಷ್ಟು ಒತ್ತಡವಾಗುವುದು. ಚಾಪೆಯ ಮೇಲೆ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಹಲಗೆಯ ಮೇಲೆ ಹಾಸಿಗೆಯನ್ನು ಹಾಸಿಕೊಳ್ಳಬಹುದು. ಎಡಮಗ್ಗುಲಾಗಿ ಮಲಗುವುದು ಬಲಮಗ್ಗುಲಿಗಿಂತ ಲೇಸು. ಎಡಕ್ಕೆ ಮಲಗಿದಾಗ ಜಠರದ ದ್ರವವು ಬಾಗಿಲಿಗಿಂತ ತಗ್ಗಿನಲ್ಲಿ ಉಳಿಯುವುದು.

ಊಟವಾದ ಕೂಡಲೆ ಬಗ್ಗಿ ನೆಲ ಒರೆಸುವುದು, ಕಸ ಗುಡಿಸುವುದು, ಕುಕ್ಕರುಗಾಲಿನಲ್ಲಿ ಕುಳಿತು ಪಾತ್ರೆ ಬೆಳಗುವುದು, ಇವೆಲ್ಲವೂ ಆಮ್ಲವನ್ನು ಮೇಲಕ್ಕೆ ನೂಕುವ ಕೆಲಸಗಳು. ಲಂಗದ ಲಾಡಿಯನ್ನೋ ಪಂಚೆಯ ಮೇಲಿನ ಪಟ್ಟಿಯನ್ನೋ ಬಿಗಿದು ಕಟ್ಟಬಾರದು. ಬೆರಳು ಬಿಳಿಚುವವರಿಗೆ ಪಾತ್ರೆ ತೊಳೆಯಲು ಬೆಚ್ಚಗಿನ ನೀರನ್ನು ಒದಗಿಸಿದರೆ ಕೈಗೂ ಹಿತ.

ಔಷಧಗಳ ವಿಚಾರ

ಆಮ್ಲವನ್ನು ತಗ್ಗಿಸುವ ಔಷಧಗಳಲ್ಲಿ ಮೂರು ಬಗೆ. ಬಂದ ಆಮ್ಲವನ್ನು ತತ್‌ಕ್ಷಣ ಶಮನಗೊಳಿಸುವ ಬಿಳಿಯ ದ್ರವ, ಚಪ್ಪರಿಸುವ ಬಿಲ್ಲೆಗಳು ಒಂದು. ೧೯೭೦ರ ದಶಕದಲ್ಲಿ ಬಳಕೆಗೆ ಬಂದ ಎರಡನೆಯ ಬಗೆಯ ಗುಳಿಗೆಗಳನ್ನು ಶೋಧಿಸಿದುದೂ ಸೇರಿದಂತೆ ತಮ್ಮ ಕೆಲಸಕ್ಕಾಗಿ ಜೇಮ್ಸ್ ಬ್ಲ್ಯಾಕ್ ಎಂಬವರು ೧೯೮೮ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅದೇ ೧೯೮೮ರಲ್ಲಿ ಮಾರಾಟಕ್ಕೆ ಬಂದ ಒಮೆಪ್ರಝೋಲ್, ಅನಂತರದ ಪ್ಯಾಂಟೊಪ್ರಝೋಲ್ ಮೊದಲಾದುವು ಮೂರನೆಯ ಬಗೆ. ಇವು ಎಲ್ಲಕ್ಕಿಂತ ಪ್ರಬಲವಾದುವು. ಈ ಕಡೆಯ ಬಗೆಯ ಗುಳಿಗೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ಊಟವಾದ ಮೇಲೆ ನುಂಗಿ ‘ಗುಣವಿಲ್ಲ’ ಎನ್ನುವವರು ಬಹಳ.

ಸ್ಕ್ಲೀರೋಡರ್ಮದವರಿಗೆ ಇದನ್ನು ದೀರ್ಘಕಾಲ ಕೊಡಬೇಕಾಗಿ ಬರಬಹುದು. ಹಾಗೆಂದು ಕೇಳದೆ ಹೇಳದೆ ವರ್ಷಗಟ್ಟಲೆ ಮುಂದುವರಿಸಿದರೆ ಬಿ೧೨ ಜೀವಸತ್ತ್ವವೂ ಮೆಗ್ನೀಸಿಯಮ್ಮೂ ಕುಗ್ಗಬಹುದು, ಮೂಳೆಗಳು ಬಲಗುಂದುವ ಶಂಕೆಯೂ ಇದೆ. ಅಕ್ಕಪಕ್ಕದವರ ಮಾತು ಕೇಳಿ ಥಟ್ಟನೆ ನಿಲ್ಲಿಸುವುದೂ ತಪ್ಪು, ಪರೀಕ್ಷೆಯಿಲ್ಲದೆ ನುಂಗುತ್ತಲೇ ಇರುವುದೂ ತಪ್ಪು. ವರ್ಷಕ್ಕೊಮ್ಮೆಯಾದರೂ ವೈದ್ಯರೊಡನೆ ಇದರ ಲೆಕ್ಕವನ್ನು ನೋಡಬೇಕು.

ಇನ್ನು ಮೂಲರೋಗದ ಔಷಧಗಳೊಡನೆ ಇವುಗಳ ಹೊಂದಿಕೆ. ನೋವಿಗೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಜಠರದಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ತರಬಲ್ಲುವು. ಅಂಗಡಿಯಿಂದ ತಾನೇ ಕೊಂಡು ನುಂಗಕೂಡದು. ಮೂಳೆಯ ಬಲಕ್ಕಾಗಿ ಕೊಡುವ ಅಲೆಂಡ್ರೊನೇಟ್ ಗುಳಿಗೆಯು ಅನ್ನನಾಳದಲ್ಲಿ ನಿಂತರೆ ಹುಣ್ಣುಮಾಡುವುದು. ಅದನ್ನು ತುಂಬಿದ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದಿರಬೇಕು, ನುಂಗಲು ಕಷ್ಟವಿರುವವರು ವೈದ್ಯರಿಗೆ ಅದನ್ನು ಹೇಳಿ ಬೇರೆ ಉಪಾಯವನ್ನು ಕೇಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ಅದಕ್ಕೂ ಆಮ್ಲಶಮನದ ಬಿಳಿಯ ದ್ರವಕ್ಕೂ ನಾಲ್ಕು ಗಂಟೆಗಳ ಅಂತರವಿಡಬೇಕು. ಥೈರಾಯ್ಡಿನ ಗುಳಿಗೆಗೂ ಇದೇ ನಿಯಮ. ಮೈಕೋಫಿನೊಲೇಟ್ ಎಂಬ ಔಷಧವು ಆಮ್ಲ ತಗ್ಗಿಸುವ ಗುಳಿಗೆಯ ಜೊತೆಯಲ್ಲಿ ಸರಿಯಾಗಿ ಮೈಗೂಡದಿರಬಹುದು. ಬೆರಳುಗಳಿಗಾಗಿ ಕೊಡುವ ನಿಫೆಡಿಪಿನ್ ಜಾತಿಯ ಔಷಧವು ಅನ್ನನಾಳದ ಬಾಗಿಲನ್ನು ತುಸು ಸಡಿಲಿಸುವುದು. ಅದು ಬಂದಮೇಲೆ ಉರಿ ಹೆಚ್ಚಿತೆಂದರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮೆಥೊಟ್ರೆಕ್ಸೇಟ್ ಈ ರೋಗಗಳಿಗೆ ವಾರಕ್ಕೊಮ್ಮೆ ಮಾತ್ರ ಕೊಡುವ ಔಷಧ. ಮರೆತು ದಿನವೂ ನುಂಗಿದರೆ ಪ್ರಾಣಾಪಾಯ. ಆ ವಾರದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿಡತಕ್ಕದ್ದು.

ಸ್ಟೀರಾಯ್ಡುಗಳು ೧೯೪೮ರಲ್ಲಿ ಮೊದಲ ಬಾರಿಗೆ ಸಂಧಿವಾತದ ರೋಗಿಯೊಬ್ಬರಿಗೆ ಪ್ರಯೋಗಿಸಲ್ಪಟ್ಟು ಲೋಕವನ್ನೇ ಬೆರಗುಗೊಳಿಸಿದುವು. ಅವು ಎಷ್ಟು ಉಪಕಾರಿಗಳೋ ಅಷ್ಟೇ ಎಚ್ಚರಿಕೆಯನ್ನು ಬೇಡುವುವು. ಬಹುದಿನ ತೆಗೆದುಕೊಂಡವರು ಇದ್ದಕ್ಕಿದ್ದಂತೆ ನಿಲ್ಲಿಸಕೂಡದು. ಸ್ಕ್ಲೀರೋಡರ್ಮದಲ್ಲಿ ಅಧಿಕ ಪ್ರಮಾಣದ ಸ್ಟೀರಾಯ್ಡು ಮೂತ್ರಪಿಂಡಗಳಿಗೆ ಹಠಾತ್ತಾದ ಸಂಕಟವನ್ನು ತರುವುದುಂಟು. ಆದುದರಿಂದ ಕೀಲುನೋವಿಗೆ ಹೆಸರು ತಿಳಿಯದ ಪುಡಿ ಗುಳಿಗೆಗಳನ್ನು ತಂದುಕೊಡುವವರನ್ನು ನಂಬಬಾರದು, ಮನೆಯಲ್ಲಿ ರಕ್ತದ ಒತ್ತಡವನ್ನು ಆಗಾಗ್ಗೆ ಅಳೆದು ಬರೆದಿಡಬೇಕು. ಸ್ಟೀರಾಯ್ಡು ಮೊದಲಾದ ಔಷಧಗಳ ನಡುವೆ ನುಂಗುವಾಗ ನೋವು ಕಂಡರೆ, ಅದು ಅನ್ನನಾಳದಲ್ಲಿ ಬೆಳೆದ ಬೂಷ್ಟಿನಿಂದಲೂ ಆಗಿರಬಹುದು. ಅದಕ್ಕೆ ಬೇರೆ ಚಿಕಿತ್ಸೆಯಿದೆ.

ಮನೆಯ ಮದ್ದುಗಳೂ ಮದ್ದುಗಳೇ ಎಂಬುದನ್ನು ಮರೆಯಬಾರದು. ಅಡಿಗೆಯ ಸೋಡವನ್ನು ಪದೇ ಪದೇ ಕುಡಿದರೆ ಉಪ್ಪಿನ ಅಂಶ ಏರುವುದು. ಅತಿಮಧುರವು ಗಂಟಲಿಗೆ ಹಿತವಾದರೂ ಬಹುದಿನ ಸೇವಿಸಿದರೆ ರಕ್ತದ ಒತ್ತಡವನ್ನು ಏರಿಸಬಲ್ಲುದು. ೨೦೨೧ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸುತ್ತಿದ್ದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ಕಂಡು ವರದಿಮಾಡಿದರು. ಕೇಂದ್ರದ ಆಯುಷ್ ಸಚಿವಾಲಯವು ಆ ಅಭಿಪ್ರಾಯವನ್ನು ಒಪ್ಪಲಿಲ್ಲ. ವಾದವೇನೇ ಇರಲಿ, ರೋಗನಿರೋಧಕ ಬಲವನ್ನು ಹೆಚ್ಚಿಸುವುದೆಂದು ಮಾರುವ ವಸ್ತುಗಳನ್ನು, ಆ ಬಲವೇ ದಾರಿತಪ್ಪಿರುವ ರೋಗಿಗೆ ವೈದ್ಯರನ್ನು ಕೇಳದೆ ಕೊಡುವುದು ಸರಿಯಲ್ಲ.

ಯಾವಾಗ ತಡಮಾಡಕೂಡದು

ತುತ್ತು ಸಿಕ್ಕಿಕೊಳ್ಳುವುದು ದಿನದಿನಕ್ಕೆ ಹೆಚ್ಚುವುದು, ನುಂಗಿದರೆ ನೋವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ ಕಾಣುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ರಕ್ತಹೀನತೆಯಾಗುವುದು, ಏದುಸಿರು ಹೆಚ್ಚುವುದು, ಇವುಗಳಲ್ಲಿ ಒಂದಿದ್ದರೂ ಪಥ್ಯದಲ್ಲಿಯೇ ಕಾಲಕಳೆಯದೆ ವೈದ್ಯರನ್ನು ಕಾಣಬೇಕು. ರಕ್ತವಾಂತಿಯಾದರೆ ಮರುದಿನದವರೆಗೆ ಕಾಯುವಂತಿಲ್ಲ. ಸ್ಕ್ಲೀರೋಡರ್ಮದವರಲ್ಲಿ ಒಮ್ಮೆಗೇ ರಕ್ತದ ಒತ್ತಡ ಏರಿ, ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮೂತ್ರ ಕಡಮೆಯಾಗುವುದು ಕಂಡರೆ ಅದೂ ಹಾಗೆಯೇ. ಎದೆಯ ನಡುವೆ ಭಾರವಾಗಿ, ನೋವು ಎಡದೋಳಿಗೋ ದವಡೆಗೋ ಹರಡಿ, ಬೆವರು ಬಂದರೆ ಅದನ್ನು ‘ಗ್ಯಾಸು’ ಎಂದು ಕರೆದು ಸೋಡ ಕುಡಿಸುತ್ತ ಕುಳಿತವರು ಅಮೂಲ್ಯವಾದ ಗಂಟೆಗಳನ್ನು ಕಳೆಯುವರು, ಅದು ಹೃದಯಾಘಾತವಾಗಿರಬಹುದು. ಕೂಡಲೆ ೧೦೮ಕ್ಕೆ ಕರೆಮಾಡಬೇಕು.

ಗುಬ್ಬಿಯಲ್ಲಿಯೂ ಕುಣಿಗಲಿನಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯೂ, ೧೯೮೮ರಲ್ಲಿ ಸ್ಥಾಪಿತವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಅನ್ನನಾಳದ ಅಲೆಯನ್ನು ಅಳೆಯುವ ಪರೀಕ್ಷೆಗೋ ಈ ರೋಗಗಳಲ್ಲಿ ವಿಶೇಷ ಪರಿಣತರಾದ ರುಮಟಾಲಜಿ ವೈದ್ಯರ ಸಲಹೆಗೋ ಸುಮಾರು ೭೦ ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾಗಿ ಬರಬಹುದು. ಎಲ್ಲಿಗೆ ಹೋದರೂ ಚೀಟಿಗಳೆಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿ ಜೋಡಿಸಿ, ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಮೇಲೆ ಅಂಟಿಸಿಕೊಂಡು ಹೋಗತಕ್ಕದ್ದು. ಹೊಟ್ಟೆಯ ವೈದ್ಯರು ಕೀಲಿನ ವೈದ್ಯರ ಚೀಟಿಯನ್ನು ನೋಡಲೇಬೇಕು. ಇವರು ಅವರದನ್ನೂ ನೋಡಬೇಕು.

ಮನೆಯವರ ಕರ್ತವ್ಯ

ಗುಬ್ಬಿಯ ಪೇಟೆಯಲ್ಲಿ ಒಂದು ಸಂಸಾರವನ್ನು ಭಾವಿಸಿಕೊಳ್ಳಿರಿ. ಯಜಮಾನರು ಅಂಗಡಿಯ ಬಾಗಿಲು ಹಾಕಿ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಗಂಡಸರ ಊಟ ಒಂಬತ್ತೂವರೆಗೆ. ಮಕ್ಕಳದು, ಅತ್ತೆಯವರದು ಅದರ ಜೊತೆಗೆ. ಎಲ್ಲರಿಗೂ ಬಡಿಸಿ ಗೃಹಿಣಿಯು ತಾನು ಕೂರುವಾಗ ಹತ್ತೂಕಾಲು. ಉ೦ಡು, ಬಗ್ಗಿ ನೆಲ ಒರೆಸಿ, ಪಾತ್ರೆ ಬೆಳಗಿ, ಹನ್ನೊಂದಕ್ಕೆ ಹಾಸಿಗೆಗೆ. ಅವಳಿಗೆ ಸ್ಕ್ಲೀರೋಡರ್ಮವಿದೆಯೆಂದುಕೊಳ್ಳೋಣ. ತುಮಕೂರಿನ ವೈದ್ಯರು ಒಳ್ಳೆಯ ಗುಳಿಗೆಯನ್ನೇ ಕೊಟ್ಟಿರುವರು, ಯಜಮಾನರು ಹಣಕ್ಕೆ ಹಿಂದೆಗೆಯದೆ ತಂದೂ ಕೊಟ್ಟಿರುವರು. ಆದರೂ ಇರುಳೆಲ್ಲ ಕೆಮ್ಮು, ಬೆಳಗಾದರೆ ಗಂಟಲು ಹುಣ್ಣು. ಗುಳಿಗೆಯನ್ನು ಬದಲಾಯಿಸಿದರೆ ಏನು ಫಲ? ಬದಲಾಗಬೇಕಾದುದು ಅವಳ ಊಟದ ಹೊತ್ತು. ಅವಳು ಸಂಜೆ ಏಳಕ್ಕೆ ತನ್ನ ಪಾಲಿನ ಮೆತ್ತನೆಯ ಊಟವನ್ನು ಮುಗಿಸಿ, ಒಂಬತ್ತೂವರೆಗೆ ಉಳಿದವರು ತಾವೇ ಬಡಿಸಿಕೊಂಡು ಉಂಡು, ನೆಲ ಪಾತ್ರೆಗಳನ್ನು ಮಗನೋ ಮಗಳೋ ನೋಡಿಕೊಂಡರೆ, ಅದೇ ಗುಳಿಗೆಗೆ ಕೆಲಸಮಾಡಲು ಅವಕಾಶ ದೊರೆಯುವುದು.

ಗಂಡ ಮಾವಂದಿರಿಗಿಂತ ಮುಂಚೆ ಹೆಂಗಸು ಉಣ್ಣುವುದು ಮರ್ಯಾದೆಯಲ್ಲವೆಂದು ಹಳಬರು ಆಕ್ಷೇಪಿಸಬಹುದು. ಅವರಿಗೆ ಉತ್ತರವು ಹಳೆಯ ಗ್ರಂಥದಲ್ಲಿಯೇ ಇದೆ. ಮನುಸ್ಮೃತಿಯ ೩ನೆಯ ಅಧ್ಯಾಯದಲ್ಲಿ, ರೋಗಿಗಳಿಗೂ ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮೊದಲೇ, ಹಿಂದುಮುಂದು ನೋಡದೆ, ಊಟವಿಡಬೇಕೆಂಬ ವಿಧಿಯಿದೆ. ಬಂದ ಅತಿಥಿಗಿಂತಲೂ ಮುಂಚೆ ಎಂದಮೇಲೆ ಮನೆಯ ಗಂಡಸಿನ ಮಾತೇನು! ಆಚಾರದ ಹೆಸರಿನಲ್ಲಿ ರೋಗಿಯನ್ನು ಕಾಯಿಸುವವರು ಆಚಾರವನ್ನೇ ಅರಿಯದವರು.

ರೋಗಿಯಾದ ಗೃಹಿಣಿಯು ತಾನಾಗಿ ‘ನನಗೆ ಮೊದಲು ಬಡಿಸಿರಿ’ ಎಂದು ಕೇಳುವುದು ಅಪೂರ್ವ. ಆದುದರಿಂದ ಈ ಮಾತು ಯಜಮಾನರ ಬಾಯಿಂದಲೇ ಬರಬೇಕು. ಮಂಚದ ತಲೆಗೆ ಎರಡು ದಿಮ್ಮಿ, ಏಳು ಗಂಟೆಗೆ ಊಟ, ಔಷಧಗಳಿಗೆ ಒಂದು ಪಟ್ಟಿ, ಚೀಟಿಗಳಿಗೆ ಒಂದು ಕಡತ, ಇಷ್ಟಕ್ಕೆ ಖರ್ಚು ಅಲ್ಪ. ಈ ರೋಗಗಳು ಸಂಪೂರ್ಣವಾಗಿ ಬಿಟ್ಟುಹೋಗುವುದು ವಿರಳವಾದರೂ, ಅವುಗಳನ್ನು ಹತೋಟಿಯಲ್ಲಿಟ್ಟುಕೊಂಡು ಬಹುಕಾಲ ಸುಖವಾಗಿ ಬಾಳುವವರು ಅನೇಕರಿರುವರು. ಈ ಸಂಚಿಕೆಯು ಕೈಸೇರಿದ ರಾತ್ರಿಯೇ ವಾಚಕರು ತಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರೆಂಬುದನ್ನೂ, ಅವರು ಉಂಡು ಎಷ್ಟು ಹೊತ್ತಿಗೆ ಮಲಗುವರೆಂಬುದನ್ನೂ ಗಡಿಯಾರ ನೋಡಿ ತಿಳಿದುಕೊಳ್ಳಲೆಂದು ನಮ್ಮ ವಿಜ್ಞಾಪನೆ.